ತಾನಾಗಿಯೇ ಹೊಡೆದ ಗಂಟೆ

ಜುಲೈ ೪

ಮಗಳೇ, ಮಹಾಮೇಧಾವಿಯೇ, ನಮ್ಮ ವಂಶದಲ್ಲಿ ಮೊಟ್ಟಮೊದಲಿಗೆ ಮುಖಕ್ಕೆ ಬಣ್ಣ ಹಚ್ಚದೆ ರಂಗಕ್ಕಿಳಿದವಳೇ,

ಪರದೆ ಎದ್ದಿದೆ. ಫೋನಿನಲ್ಲಾದರೆ ನಾನು ನಟಿಸುತ್ತೇನೆ, ಕಾಗದದ ಮೇಲೆ ದನಿ ಏರಿಸಲಾಗದು, ಆದ್ದರಿಂದ ವರದಿಯನ್ನು ಬರೆದೇ ಕಳಿಸತಕ್ಕದ್ದು ಎಂದು ನಿನ್ನ ಅಪ್ಪಣೆಯಾಗಿದೆ. ಆಗಲಿ. ಆದರೆ ಅರ್ಧ ಆಯುಷ್ಯವನ್ನು ಕೊನೆಯ ಬೆಂಚಿಗೂ ಕೇಳಿಸುವ ಹಾಗೆ ಮಾತಾಡಿ ಸವೆಸಿದವನು ನಾನು. ಕಾಗದದಲ್ಲೂ ಸ್ವಲ್ಪ ಗಟ್ಟಿಯಾಗಿ ಕೇಳಿಸಿದರೆ ಸಹಿಸಿಕೊ.

ನಿನ್ನ ಯಂತ್ರ ಮೊನ್ನೆ ನಮ್ಮ ವೃದ್ಧಾಶ್ರಮಕ್ಕೆ ಚಿತ್ತೈಸಿತು. ಅದರ ಹಿಂದೆ ನಿನ್ನ ಪಾಲುದಾರ, ಆ ಸೋಡಾಬುಡ್ಡಿ ಕನ್ನಡಕದ ಹುಡುಗ, ತಂತಿಗಳನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು ಬಂದ. ಮುದುಕರು ಹಗಲು ಹೊತ್ತಷ್ಟೇ ಬಂದು ಮಲಗುವ, ನಾನೊಬ್ಬನೇ ಕಾಯುವ ಮಹಡಿಯ ವಿಶ್ರಾಂತಿ ಹಾಲ್‌ನಲ್ಲಿ ಒಂದೊಂದು ಹಾಸಿಗೆಯ ಅಡಿಗೂ ಒಂದೊಂದು ಪಟ್ಟಿ ಹಾಸಿದ. ನನ್ನ ಮೇಜಿನ ಮೇಲೆ ಪೆಟ್ಟಿಗೆ ಇಟ್ಟ: ಪ್ರತಿ ಹಾಸಿಗೆಗೂ ಒಂದು ದೀಪ, ಒಂದು ಪುಟ್ಟ ಗುಂಡಿ, ಎಲ್ಲಕ್ಕೂ ಸೇರಿ ಒಂದು ಗಂಟೆ. ಮಲಗಿದವರು ಏಳಲು ಹೊರಟರೆ ಪಟ್ಟಿಗೆ ಗೊತ್ತಾಗುತ್ತದೆ, ಗಂಟೆ ಹೊಡೆಯುತ್ತದೆ, ನಾನು ಓಡಿಹೋಗಿ ಹಿಡಿದುಕೊಳ್ಳುತ್ತೇನೆ, ಯಾರೂ ಬೀಳುವುದಿಲ್ಲ. ಗುಂಡಿ ಇರುವುದು ಬೆಳಿಗ್ಗೆ ಒಮ್ಮೆ ಒತ್ತಿ, ಗಂಟೆ ಸರಿಯಿದೆಯೇ ಎಂದು ನೋಡಿಕೊಳ್ಳಲು. ಎಲ್ಲವನ್ನೂ ಎರಡೆರಡು ಸಲ ಹೇಳಿಕೊಟ್ಟ. ನನ್ನನ್ನು ಏನೆಂದುಕೊಂಡಿದ್ದಾನೋ.

ಕೊನೆಗೆ ತಾನೇ ಒಂದು ಹಾಸಿಗೆಯ ಮೇಲೆ ಶವದ ಹಾಗೆ ಮಲಗಿ ಎದ್ದು ಕೂತ. ಗಂಟೆ ಮೊಳಗಿತು. ಮಾಜಿ ಗುತ್ತಿಗೆದಾರರು, ಎದ್ದರೆ ಮಂಚವೇ ನಿಟ್ಟುಸಿರು ಬಿಡುವಷ್ಟು ದಪ್ಪ, ಅವರೂ ಎದ್ದು ನೋಡಿದರು. ಮತ್ತೆ ಮೊಳಗಿತು. ಹಾಲ್ ತುಂಬ ಚಪ್ಪಾಳೆ. ನಮ್ಮ ಮೇಟ್ರನ್ನಮ್ಮ ನಕ್ಕಿದ್ದನ್ನು ನಾನು ಈ ಕೆಲಸಕ್ಕೆ ಸೇರಿದ ಮೇಲೆ ನೋಡಿದ್ದು ಇದೇ ಮೊದಲು. ಮೂಲೆಯ ಹಾಸಿಗೆಯ ಮೇಷ್ಟ್ರು ಮಾತ್ರ ನನ್ನನ್ನು ಹತ್ತಿರ ಕರೆದು, "ಇದಕ್ಕೂ ಹಾಜರಿ ಕೊಡಬೇಕೇನಯ್ಯಾ?" ಎಂದು ಕೇಳಿದರು.

ನಾಟಕ ಕಂಪನಿ ಮುಚ್ಚಿದ ಮೇಲೆ ಮುದುಕರ ಬೆನ್ನು ತಿಕ್ಕುವ ಕೆಲಸ ಹಿಡಿದಾಗ, ಇನ್ನು ನನ್ನ ಬಾಳಿನಲ್ಲಿ ಹೊಸ ಆಟವಿಲ್ಲ ಅಂದುಕೊಂಡಿದ್ದೆ. ಇದೆ.

ಇಂತೀ, ಏಳು ರಾಜ್ಯಗಳ ಮಾಜಿ ದೊರೆ, ಸದ್ಯ ಹಗಲು ಪಾಳಿಯ ಸಹಾಯಕ,
ನಿನ್ನ ಅಪ್ಪ


ಜುಲೈ ೧೫

ಅಪ್ಪಾ,

ನಿನ್ನ ಪತ್ರವನ್ನು ಸೋಡಾಬುಡ್ಡಿಗೆ ಓದಿ ಹೇಳಿದೆ. ಹಾರದ ವಿಷಯಕ್ಕೆ ಅವನಿಗೆ ಸ್ವಲ್ಪ ಬೇಜಾರಾಯಿತು. ನೀನಿಟ್ಟ ಹೆಸರು ಮಾತ್ರ ಇಲ್ಲಿ ಎಲ್ಲರ ಬಾಯಿಗೂ ಬಂದುಬಿಟ್ಟಿದೆ.

ನಮ್ಮ ಇನ್‌ಕ್ಯುಬೇಷನ್ ಸೆಂಟರ್ ಹೇಗಿದೆ ಎಂದು ಅಮ್ಮ ಕೇಳಿದಳಂತೆ. ವಿಶ್ವವಿದ್ಯಾಲಯದ ಹಳೆಯ ವರ್ಕ್‌ಶಾಪನ್ನೇ ತೊಳೆದು ಬಳಿದು ಕೊಟ್ಟಿದ್ದಾರೆ. ನೆಲದಲ್ಲಿ ಎಣ್ಣೆಯ ಕಲೆ ಹಾಗೇ ಇದೆ. ಒಂದೊಂದು ತಂಡಕ್ಕೆ ಒಂದೊಂದು ಮೇಜು. ಕಂಪನಿ ಶುರುಮಾಡುವುದು ಹೇಗೆ, ಕಾಗದಪತ್ರ ಯಾವುದು, ಗಿರಾಕಿಯ ಹತ್ತಿರ ಮಾತಾಡುವುದು ಹೇಗೆ, ಎಲ್ಲ ಹೇಳಿಕೊಡುತ್ತಾರೆ. ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆ ಎಂದು ನೀನು ಅಂದಿದ್ದು ಸರಿಯಾಗೇ ಇದೆ. ವ್ಯತ್ಯಾಸ ಏನೆಂದರೆ, ಸೆಪ್ಟೆಂಬರ್‌ನಲ್ಲಿ ಒಡೆಯದ ಮೊಟ್ಟೆಯನ್ನು ಆಚೆ ಇಡುತ್ತಾರೆ. ಆ ಮೇಜು ಬೇರೆಯವರಿಗೆ.

ಇಲ್ಲಿಯ ಪದ್ಧತಿ ಒಂದಿದೆ. ಪ್ರತಿ ಶುಕ್ರವಾರ ಎಲ್ಲ ತಂಡದವರೂ ಎದ್ದು ನಿಂತು, ಆ ವಾರ ತಮ್ಮದು ಏನು ಕೆಟ್ಟಿತು ಎಂದು ಹೇಳಬೇಕು. ಗೆದ್ದದ್ದನ್ನು ಹೇಳುವ ಹಾಗಿಲ್ಲ. ಕಳೆದ ಶುಕ್ರವಾರ ನಾನು ಎದ್ದು, ನಮ್ಮದು ಏನೂ ಕೆಟ್ಟಿಲ್ಲ, ಎದ್ದವರಿಗೆಲ್ಲ ಗಂಟೆ ಹೊಡೆದಿದೆ ಎಂದೆ. ನಿರ್ದೇಶಕಿ ಮೇಡಂ ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಏನೂ ಕೆಡದ ತಂಡವನ್ನು ತಾವು ಈವರೆಗೆ ನೋಡಿಲ್ಲ ಅಂದರು. ಹೊಗಳಿದರೋ ಎಚ್ಚರಿಸಿದರೋ ತಿಳಿಯಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಪಟ್ಟಿಯನ್ನು ನಾವು ಪರೀಕ್ಷೆ ಮಾಡಿದ್ದು ಹಾಸ್ಟೆಲಿನಲ್ಲಿ, ನಮ್ಮ ಮೇಲೇ. ನಾವೆಲ್ಲ ತಿಂದುಂಡು ಗುಂಡಗಿರುವವರು. ತೀರ ಹಗುರ ಇರುವವರು ಎದ್ದರೆ ಪಟ್ಟಿಗೆ ಗೊತ್ತಾಗುತ್ತದೋ ಇಲ್ಲವೋ ಎಂದು ಸೋಡಾಬುಡ್ಡಿಗೆ ಅನುಮಾನ. ಮೇಷ್ಟ್ರು ತುಂಬ ಸಣ್ಣಗಿದ್ದಾರೆ ಎಂದು ಹಿಂದೊಮ್ಮೆ ಫೋನಿನಲ್ಲಿ ಅಂದಿದ್ದೆಯಲ್ಲ. ಅವರ ಮೇಲೆ ಒಂದು ಕಣ್ಣಿಡು. ತಪ್ಪಿದ್ದರೆ ತಪ್ಪಿದೆ ಎಂದು ಬರೆ. ನನಗೆ ಅದೇ ಬೇಕು.

ನಿನ್ನ ಮಗಳು


ಜುಲೈ ೨೮

ಅನುಮಾನಪಿಶಾಚಿಗಳ ಒಡತಿಯೇ,

ತಪ್ಪಿಲ್ಲ. ತಪ್ಪಿಲ್ಲ. ಇನ್ನೊಮ್ಮೆ ಕೇಳಿದರೂ ಇದೇ ಉತ್ತರ. ಗುತ್ತಿಗೆದಾರರು ಎದ್ದರು, ಹೊಡೆಯಿತು. ಹೊಲಿಗೆ ಅಜ್ಜಿ ಎದ್ದಳು, ಹೊಡೆಯಿತು. ಮೇಷ್ಟ್ರು ಎದ್ದರು, ಹೊಡೆಯಿತು. ನಾನು ಅಲ್ಲೇ ಕುರ್ಚಿಯಲ್ಲಿ ಕೂತು ಹದ್ದಿನ ಹಾಗೆ ನೋಡುತ್ತಿದ್ದೆ. ಈ ಹಾಲ್‌ನಲ್ಲಿ ಒಬ್ಬರೂ ಬಿದ್ದಿಲ್ಲ.

ಮೇಷ್ಟ್ರು ಸಣ್ಣಗಿರುವುದು ನಿಜ. ಸ್ನಾನಕ್ಕೆ ಎತ್ತಿಕೊಂಡು ಹೋಗುವಾಗ, ಕೈಯಲ್ಲಿ ಮನುಷ್ಯ ಇದ್ದಾನೋ ಬರೀ ಪಂಚೆ ಇದೆಯೋ ಎಂದು ಬಗ್ಗಿ ನೋಡಬೇಕು. ಆದರೆ ಅವರೂ ಎದ್ದರು, ಹೊಡೆಯಿತು ಎಂದು ಬರೆದೆನಲ್ಲ.

ನಿಮ್ಮ ಶುಕ್ರವಾರದ ಪದ್ಧತಿ ನನಗೆ ಹಿಡಿಸಲಿಲ್ಲ. ಸೋತದ್ದನ್ನು ಎದ್ದು ನಿಂತು ಸಾರುವ ರಂಗವನ್ನು ನಾನೆಲ್ಲೂ ಕಂಡಿಲ್ಲ. ನಮ್ಮ ಕಂಪನಿಯಲ್ಲಿ ನನ್ನ ಅಪ್ಪ, ನಿನ್ನ ತಾತ, ಪ್ರಾಂಪ್ಟರ್ ಆಗಿದ್ದರು. ಸೈಡ್ ವಿಂಗಿನಲ್ಲಿ ನಿಂತು, ಮಾತು ಮರೆತವನಿಗೆ ಮಾತು ಎತ್ತಿಕೊಡುವುದೇ ಕೆಲಸ. ನನ್ನ ಮೊದಲ ಆಟದ ದಿನ ಸಿಂಹಾಸನದ ಮೇಲೆ ಕೂತವನಿಗೆ ನನ್ನ ಹೆಸರೇ ಮರೆತುಹೋಯಿತು. ಅಪ್ಪ ಒಳಗಿನಿಂದ ಒಂದೊಂದೇ ಮಾತು ಎತ್ತಿಕೊಟ್ಟರು, ನಾನು ಗರ್ಜಿಸುತ್ತ ಹೋದೆ. ಮಾರನೆಯ ದಿನ ಊರೆಲ್ಲ ಹೊಸ ಹುಡುಗನ ಮಾತೇ ಮಾತು. ನನಗೆ ಮಾತು ಮರೆತಿತ್ತು ಎಂದು ಅಪ್ಪ ಸಾಯುವವರೆಗೆ ಯಾರಿಗೂ ಹೇಳಲಿಲ್ಲ. ನಾನು ಕಲಿತೆ. ಮೂರನೆಯ ಆಟಕ್ಕೆ ಎತ್ತಿಕೊಡುವವರೇ ಬೇಕಿರಲಿಲ್ಲ.

ಹೊಸಬರಿಗೆ ಅಷ್ಟು ಕಾಲಾವಕಾಶ ಕೊಡಬೇಕಮ್ಮ. ಯಂತ್ರವಾದರೂ ಅಷ್ಟೇ, ಮನುಷ್ಯನಾದರೂ ಅಷ್ಟೇ. ಮೇಜು ಬಿಡಬೇಡ.

ನಿನ್ನ ಭಾವೀ ಸಾಮ್ರಾಜ್ಯದ ವಂದಿಮಾಗಧ,
ಅಪ್ಪ


ಸೆಪ್ಟೆಂಬರ್ ೯

ಅಪ್ಪಾ,

ನಮ್ಮನ್ನು ಆರಿಸಿದ್ದಾರೆ.

ಇದನ್ನು ಬರೆಯುವಾಗ ಸೋಡಾಬುಡ್ಡಿ ಪಕ್ಕದಲ್ಲಿ ಕುಣಿಯುತ್ತಿದ್ದಾನೆ, ಮೇಜು ಅಲುಗಾಡುತ್ತಿದೆ. ನಿಮ್ಮ ಹಾಲ್‌ನಲ್ಲಿ ಒಂದು ಸಲವೂ ತಪ್ಪದೆ ನಡೆದದ್ದೇ ನಮ್ಮ ಕೈಹಿಡಿಯಿತು. ಬೇರೆ ಯಾವ ತಂಡದ ಹತ್ತಿರವೂ ಅಂಥ ಫಲಿತಾಂಶ ಇರಲಿಲ್ಲ. ಮೇಡಂ ನನ್ನ ಕೈ ಕುಲುಕಿ, ತಮ್ಮ ಅನುಮಾನವನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಅಂದರು.

ಇಲ್ಲೇ ನದಿಯಾಚೆ ಇನ್ನೊಂದು ವೃದ್ಧಾಶ್ರಮ ಇದೆ, ನಿಮ್ಮದಕ್ಕಿಂತ ದೊಡ್ಡದು. ಸೆಂಟರಿನವರೇ ಮಾತಾಡಿ ಕೊಡಿಸಿದರು. ಮುಂದಿನ ವಾರ ಪಟ್ಟಿ ಹಾಸುತ್ತೇವೆ. ಇದು ಪರೀಕ್ಷೆ ಅಲ್ಲ ಅಪ್ಪಾ, ನಿಜವಾದ ಕೆಲಸ. ಗಂಟೆ ಇದೆಯಲ್ಲ ಎಂದು ಒಂದು ಹಾಲ್‌ಗೆ ಇದ್ದ ಇಬ್ಬರು ಆಯಾಗಳಲ್ಲಿ ಒಬ್ಬರನ್ನು ಬಟ್ಟೆ ಒಗೆಯುವ ಕಡೆಗೆ ಹಾಕುತ್ತಾರಂತೆ.

ನಿನಗೆ ಹೇಗೆ ಹೇಳಲಿ ಗೊತ್ತಾಗುತ್ತಿಲ್ಲ. ನೀನಿಲ್ಲದಿದ್ದರೆ ಇದು ಆಗುತ್ತಿರಲಿಲ್ಲ.

ನಿನ್ನ ಮಗಳು


ಅಕ್ಟೋಬರ್ ೨೦

ಅಪ್ಪಾ,

ನದಿಯಾಚೆಯ ಆಶ್ರಮದಲ್ಲಿ ಒಬ್ಬ ಅಜ್ಜಿ ಬಿದ್ದರು. ಬೆಳಗಿನ ಚಹಾ ಆದ ಮೇಲೆ ಒಬ್ಬರೇ ಎದ್ದಿದ್ದಾರೆ, ಮಂಚಕ್ಕೂ ಗೋಡೆಗೂ ನಡುವೆ ಬಿದ್ದಿದ್ದಾರೆ. ಕೂಗಲು ಆಗಲಿಲ್ಲವೋ, ಕೂಗಿದ್ದು ಕೇಳಿಸಲಿಲ್ಲವೋ. ಆಯಾ ಹಾಲ್‌ನ ಇನ್ನೊಂದು ತುದಿಯಲ್ಲಿ ಹಾಸಿಗೆ ಬಟ್ಟೆ ಮಡಚುತ್ತಿದ್ದಳು. ಊಟದ ತಟ್ಟೆ ಹಿಡಿದುಕೊಂಡು ಬಂದಾಗ ನೋಡಿದ್ದು. ನಿನ್ನೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ಗಂಟೆ ಹೊಡೆಯಲೇ ಇಲ್ಲ ಎನ್ನುತ್ತಾಳೆ ಆಯಾ. ಆಶ್ರಮದವರು ಅವಳನ್ನು ನಂಬುತ್ತಿಲ್ಲ. ಹೊಡೆದಿದೆ, ಇವಳು ಕೇಳಿಸಿಕೊಂಡೂ ಹೋಗಿಲ್ಲ, ಈಗ ಪೆಟ್ಟಿಗೆಯ ಮೇಲೆ ಹಾಕುತ್ತಿದ್ದಾಳೆ ಅಂತ ಅವರ ವಾದ. ಗಂಟೆ ಹೊಡೆದಾಗೆಲ್ಲ ನಮ್ಮ ಕಂಪ್ಯೂಟರಿನಲ್ಲಿ ಗುರುತು ಬೀಳುತ್ತದೆ, ಆ ಹೊತ್ತಿಗೆ ಅಜ್ಜಿಯ ಹಾಸಿಗೆಯದು ಅಲ್ಲೂ ಇಲ್ಲ. ಅದನ್ನು ತೋರಿಸಿದರೆ, ಹಾಗಾದರೆ ಅವಳೇ ತಂತಿ ಕಿತ್ತಿರಬಹುದು ಎಂದುಬಿಟ್ಟರು. ಯಾಕೆಂದರೆ ನಿಮ್ಮ ಹಾಲ್‌ನಲ್ಲಿ ಅದು ಒಮ್ಮೆಯೂ ತಪ್ಪಿಲ್ಲ. ಎಲ್ಲರೂ ಅದನ್ನೇ ಹೇಳುತ್ತಿದ್ದಾರೆ. ನಾನೂ ಅದನ್ನೇ ಹೇಳುತ್ತಿದ್ದೇನೆ.

ಅಜ್ಜಿಯ ಹಾಸಿಗೆ ನೋಡಿದೆ. ಮಲಗಿದ್ದ ಗುರುತೇ ಇರಲಿಲ್ಲ. ಅಷ್ಟು ಹಗುರ ಇದ್ದರಂತೆ.

ತಿಂಗಳ ಕೊನೆಗೆ ಆಶ್ರಮದವರದೇ ವಿಚಾರಣೆ. ನಾನು ಹೋಗಿ ಹೇಳಿಕೆ ಕೊಡಬೇಕು. ನಮ್ಮ ಯಂತ್ರ ಸರಿ ಎಂದರೆ ಆ ಹೆಂಗಸಿನ ಕೆಲಸ ಹೋಗುತ್ತದೆ. ಸರಿಯಿಲ್ಲ ಎನ್ನಲು ನನ್ನ ಹತ್ತಿರ ಏನೂ ಇಲ್ಲ.

ಒಂದೇ ಪ್ರಶ್ನೆ ಕೇಳುತ್ತೇನೆ. ಅಲಂಕಾರ ಬೇಡ. ಮೇಷ್ಟ್ರು ಎದ್ದಾಗ ಗಂಟೆ ತಾನಾಗಿಯೇ ಹೊಡೆಯಿತೇ?

ನಿನ್ನ ಮಗಳು


ಅಕ್ಟೋಬರ್ ೨೪

ಮಗಳೇ,

ಹೊಡೆಯಿತು.

ಎದೆಗುಂದಬೇಡ. ಸಾವು ಯಾರ ಕೈಯಲ್ಲೂ ಇಲ್ಲ. ತಲೆ ಎತ್ತಿ ನಿಂತು ಹೇಳಿಕೆ ಕೊಡು. ದನಿ ನಡುಗದಿರಲಿ, ಕೊನೆಯ ಸಾಲಿಗೂ ಕೇಳಿಸಲಿ.

ಅಪ್ಪ


ಅಕ್ಟೋಬರ್ ೨೮

ಮಗಳೇ,

ಹಿಂದಿನ ಕಾಗದವನ್ನು ಡಬ್ಬಿಗೆ ಹಾಕಿ ಬಂದವನು ಅನ್ನದ ಮುಂದೆ ಕೂತು ಹಾಗೇ ಎದ್ದೆ. ನಿನ್ನಮ್ಮ ಏನಾಯಿತು ಎಂದು ಕೇಳಿದಳು. ಹೇಳಿದೆ. ಆಮೇಲೆ ಅವಳೂ ಊಟ ಮಾಡಲಿಲ್ಲ.

ಹೊಡೆಯಲಿಲ್ಲ. ಮೊದಲ ದಿನದಿಂದಲೂ ಹೊಡೆಯಲಿಲ್ಲ.

ಸೋಡಾಬುಡ್ಡಿ ಮೆಟ್ಟಿಲು ಇಳಿದು ಹೋದ ಸ್ವಲ್ಪ ಹೊತ್ತಿಗೆ ಮೇಷ್ಟ್ರು ಎದ್ದು ಕೂತರು. ಪೆಟ್ಟಿಗೆ ಸುಮ್ಮನಿತ್ತು. ಕಾಲು ಕೆಳಗಿಟ್ಟರು. ಸುಮ್ಮನಿತ್ತು. ನಾನು ಓಡಿಹೋಗಿ ಹಿಡಿದುಕೊಂಡೆ, ವಾಪಸು ಬಂದು ಅವರ ಹಾಸಿಗೆಯ ಗುಂಡಿ ಒತ್ತಿದೆ. ಗಂಟೆ ಹೊಡೆಯಿತು. ಆಮೇಲೆ ಅದೇ ಅಭ್ಯಾಸವಾಯಿತು. ಗುತ್ತಿಗೆದಾರರಂಥವರಿಗೆ ನಿನ್ನ ಯಂತ್ರ ತಾನೇ ಹೊಡೆಯುತ್ತಿತ್ತು. ಮೇಷ್ಟ್ರಿಗೆ, ಹೊಲಿಗೆ ಅಜ್ಜಿಗೆ, ಕಿಟಕಿಯ ಪಕ್ಕದ ಇಬ್ಬರಿಗೆ ನಾನು ಹೊಡೆದೆ. ದಿನ ಹೋದಂತೆ ಕೈ ಎಷ್ಟು ಪಳಗಿತೆಂದರೆ, ಅವರು ದಿಂಬಿನಿಂದ ತಲೆ ಎತ್ತುವ ಮೊದಲೇ ಒತ್ತುತ್ತಿದ್ದೆ. ಅಷ್ಟು ಚೆನ್ನಾಗಿ ನಾನು ರಾಜನ ಪಾತ್ರವನ್ನೂ ಮಾಡಿರಲಿಲ್ಲ.

ಮೋಸ ಎಂದು ನನಗೆ ಅನ್ನಿಸಲೇ ಇಲ್ಲ, ನಂಬು. ಮೊದಲ ಆಟದಲ್ಲಿ ಮಾತು ಮರೆತವನಿಗೆ ಎತ್ತಿಕೊಡುತ್ತಿದ್ದೇನೆ, ನಾಳೆ ಕಲಿತುಕೊಳ್ಳುತ್ತದೆ ಅಂದುಕೊಂಡೆ. ಆದರೆ ಮಾತು ಮರೆತ ನಟ ಸೈಡ್ ವಿಂಗಿನ ಕಡೆ ಕಣ್ಣು ಹೊರಳಿಸುತ್ತಾನೆ. ಮರೆತದ್ದು ಅವನಿಗೆ ಗೊತ್ತಿರುತ್ತದೆ. ನಿನ್ನ ಯಂತ್ರ ಯಾರ ಕಡೆಗೂ ನೋಡಲಿಲ್ಲ. ಅದಕ್ಕೆ ಗೊತ್ತಿರಲಿಲ್ಲ. ನಿನಗೂ ಗೊತ್ತಾಗದ ಹಾಗೆ ನಾನು ನೋಡಿಕೊಂಡೆ. ನೀನು ನೇರವಾಗಿ ಕೇಳಿದೆ, ಆಗಲೂ.

ಇದನ್ನು ವಿಚಾರಣೆಯಲ್ಲಿ ಗಟ್ಟಿಯಾಗಿ ಓದು. ಆ ಹೆಂಗಸಿನದು ತಪ್ಪಿಲ್ಲ. ನನ್ನನ್ನು ಕರೆಸಿದರೆ ಬರುತ್ತೇನೆ.

ಅಪ್ಪ


ನವೆಂಬರ್ ೧೭

ಅಪ್ಪಾ,

ನಿನ್ನ ಎರಡನೆಯ ಕಾಗದ ನನ್ನ ಕೈಸೇರಿದಾಗ ವಿಚಾರಣೆ ಮುಗಿದುಹೋಗಿತ್ತು.

ತಲೆ ಎತ್ತಿ ನಿಂತು ಹೇಳಿದೆ. ದನಿ ನಡುಗಲಿಲ್ಲ. ಆಯಾ ನನ್ನ ಎದುರಿಗೇ ಕೂತಿದ್ದಳು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಡಿಸುತ್ತ. ನಮ್ಮ ಯಂತ್ರ ಇಂಥದೇ ಹಾಲ್‌ನಲ್ಲಿ ಒಂದು ಸಲವೂ ತಪ್ಪಿಲ್ಲ ಎಂದು ನಾನು ಹೇಳಿ ಕೂತ ಮೇಲೆ ಅವಳು ಬೆರಳು ಆಡಿಸುವುದನ್ನು ನಿಲ್ಲಿಸಿದಳು. ಅವತ್ತೇ ಅವಳನ್ನು ತೆಗೆದುಹಾಕಿದರು.

ಕಾಗದ ಓದಿದವಳೇ ಮೇಡಂ ಹತ್ತಿರ ಓಡಿದೆ. ಎರಡು ಸಲ ಓದಿದರು. ಬಾಗಿಲು ಹಾಕಿ ಬಾ ಅಂದರು. ಪರೀಕ್ಷೆಗೆ ಒತ್ತಿದ ಗಂಟೆಯನ್ನೂ ನಿಜವಾದ ಗಂಟೆಯನ್ನೂ ನಾವು ಬೇರೆ ಬೇರೆಯಾಗಿ ಗುರುತು ಮಾಡಿಕೊಂಡಿರಲಿಲ್ಲ, ಅದು ನಮ್ಮ ದಡ್ಡತನ ಎಂದೆ. ಅವರು, ಅದನ್ನು ತಾವೂ ಕೇಳಬೇಕಾಗಿತ್ತು ಅಂದರು. ಆಮೇಲೆ ಆಶ್ರಮಕ್ಕೆ ಫೋನ್ ಮಾಡಿದರು. ಅಲ್ಲಿಯವರು, ನಿಮ್ಮ ಪಟ್ಟಿಗಳನ್ನು ತೆಗೆದುಕೊಂಡು ಹೋಗಿ, ವಿಚಾರಣೆಯನ್ನು ಮತ್ತೆ ತೆರೆಯುವುದಿಲ್ಲ, ಆ ಜಾಗಕ್ಕೆ ಬೇರೆಯವರು ಬಂದಾಯಿತು ಅಂದರಂತೆ. ಅಜ್ಜಿಯ ಮನೆಯವರಿಗೆ ಏನು ಹೇಳಿದರೋ ನನಗೆ ತಿಳಿಸಲಿಲ್ಲ.

ಆಯಾಳ ಮನೆ ಹುಡುಕಿಕೊಂಡು ಹೋದೆ. ಒಂದೇ ಕೋಣೆ. ಒಳಗೆ ಕರೆಯಲಿಲ್ಲ, ಹೊಸ್ತಿಲಲ್ಲೇ ನಿಂತು ಕೇಳಿಸಿಕೊಂಡಳು. ಎಲ್ಲ ಹೇಳಿದೆ, ನಿನ್ನ ವಿಷಯವನ್ನೂ.

"ಗಂಟೆ ಹೊಡೀಲಿಲ್ಲ ಅಂತ ಅವತ್ತೇ ಬಡ್ಕೊಂಡೆ. ನೀವು ಅಲ್ಲೇ ಇದ್ರಿ" ಅಂದಳು.

ಹೌದು ಎಂದೆ.

"ಗುಂಡಿ ನನ್ನ ಟೇಬಲ್ ಮೇಲೂ ಇತ್ತಲ್ಲಮ್ಮ. ಅಜ್ಜಿ ಬಿದ್ದಿದ್ದು ನೋಡಿದ ಮೇಲಾದ್ರೂ ಒಂದ್ಸಲ ಒತ್ತಿದ್ದಿದ್ರೆ, ಗಂಟೆ ಹೊಡೀತು, ಓಡಿ ಹೋದೆ ಅಂತಿದ್ದೆ. ಕೆಲಸ ಉಳೀತಿತ್ತು. ಹಾಗೂ ಮಾಡ್ಬಹುದು ಅಂತ ನನಗೆ ಹೊಳೀಲೇ ಇಲ್ಲ ನೋಡಿ."

ಬೈದಿದ್ದರೆ ನಿಂತು ಬೈಸಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಒಬ್ಬರ ಸಾವಿನ ಜೊತೆ ಹೆಸರು ಅಂಟಿಕೊಂಡ ಮೇಲೆ ಬೇರೆ ಯಾವ ಆಶ್ರಮದವರೂ ಸೇರಿಸುತ್ತಿಲ್ಲವಂತೆ. ಅಷ್ಟು ಹೇಳಿ ಬಾಗಿಲು ಹಾಕಿಕೊಂಡಳು.

ಮೇಜು ಬಿಟ್ಟುಕೊಟ್ಟೆವು. ಯಾರೂ ಬಿಡಿ ಎನ್ನಲಿಲ್ಲ, ಇರಿ ಎಂದೂ ಅನ್ನಲಿಲ್ಲ. ಹೋಗುವ ಮೊದಲು ಶುಕ್ರವಾರ ಎದ್ದು ನಿಂತು, ನಮ್ಮದು ಏನು ಕೆಟ್ಟಿತು ಎಂದು ಹೇಳಿದೆ. ಸೋಡಾಬುಡ್ಡಿ ನನ್ನ ಜೊತೆ ಮಾತಾಡುವುದಿಲ್ಲ. ಅವನ ಅನುಮಾನ ಸರಿಯಾಗೇ ಇತ್ತು. ನಮ್ಮಪ್ಪ ಸುಳ್ಳು ಹೇಳುವವರಲ್ಲ ಎಂದು ಅವನ ಬಾಯಿ ಮುಚ್ಚಿಸಿದ್ದು ನಾನು.

ಮಗಳು


ಡಿಸೆಂಬರ್ ೫

ಮಗಳೇ,

ಮೇಟ್ರನ್ನಮ್ಮನ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಹೊರಗೆ ಹಾಕಿ ಎಂದೂ ಕೇಳಿದೆ. ಇಲ್ಲಿ ಯಾರೂ ಬಿದ್ದಿಲ್ಲವಲ್ಲ, ನಿಮ್ಮ ಕೆಲಸ ನೀವು ಮಾಡಿದ್ದೀರಿ, ಹೋಗಿ ಮೇಷ್ಟ್ರಿಗೆ ಬೆನ್ನು ತಿಕ್ಕಿ ಅಂದರು. ನನಗೆ ಶಿಕ್ಷೆಯೂ ಸಿಗಲಿಲ್ಲ.

ಆ ಹೆಣ್ಣುಮಗಳಿಗೆ ಇಲ್ಲಿ ಒಂದು ಕೆಲಸ ಕೊಡಿ ಎಂದು ಬೇಡಿಕೊಂಡೆ. ಹೆಸರು ಕೇಳಿದ ಕೂಡಲೇ ಮುಖ ತಿರುಗಿಸಿದರು. ಅಲ್ಲಿಯ ಸುದ್ದಿ ಇಲ್ಲಿಗೂ ಬಂದಿದೆ.

ನೀನು ಮಾತ್ರ ಕೈಚೆಲ್ಲಬೇಡ. ಒಂದು ಆಟ ಬಿದ್ದರೆ ಕಂಪನಿ ಮುಚ್ಚಬೇಕಾಗಿಲ್ಲ. ನಿನ್ನ ಕೈಯಲ್ಲಿ ವಿದ್ಯೆ ಇದೆ, ಚಿಕ್ಕಂದಿನಿಂದ ನೀನು ಮುಟ್ಟಿದ್ದೆಲ್ಲ ಕೆಲಸ ಮಾಡಿದೆ. ಇನ್ನೊಂದು ಯಂತ್ರ ಕಟ್ಟು. ರಜೆಗೆ ಬಾ.

ಅಪ್ಪ


ಜನವರಿ ೧೧

ಅಪ್ಪ,

ರಜೆಗೆ ಬರುವುದಿಲ್ಲ. ಬಂದರೆ ನೀವು ಏನಾದರೂ ಒಳ್ಳೆಯ ಮಾತು ಹೇಳುತ್ತೀರಿ.

ನಾನು ಮುಟ್ಟಿದ್ದೆಲ್ಲ ಕೆಲಸ ಮಾಡಿದೆ ಎಂದು ಬರೆದಿದ್ದೀರಿ. ಅದನ್ನೇ ಯೋಚಿಸುತ್ತಿದ್ದೇನೆ. ಏಳನೆಯ ತರಗತಿಯಲ್ಲಿ ನಾನು ಮಾಡಿದ ರೇಡಿಯೊ ಹಾಡಿತು. ನೀವು ಪಕ್ಕದ ಕೋಣೆಯಲ್ಲಿದ್ದಿರಿ. ಅದು ಹಾಡಿತೇ, ನೀವು ಹಾಡಿದಿರೇ? ನನ್ನ ಗಣಿತದ ಮೇಷ್ಟ್ರು ಮನೆಗೇ ಬಂದು, ಇವಳನ್ನು ಮುಂದೆ ಓದಿಸಿ ಅಂದರು. ಅವರಾಗಿಯೇ ಬಂದರೇ? ಈ ಸೆಂಟರಿನ ಸಂದರ್ಶನಕ್ಕೆ ಮೊದಲು ನಿಮ್ಮ ಮುಂದೆ ಎಲ್ಲ ಹೇಳಿ ಒಪ್ಪಿಸಿದಾಗ ಎದ್ದು ನಿಂತು ಚಪ್ಪಾಳೆ ತಟ್ಟಿದಿರಿ. ನಾನು ಅಷ್ಟು ಚೆನ್ನಾಗಿ ಹೇಳಿದ್ದೆನೇ?

ಜಗಳಕ್ಕೆ ಕೇಳುತ್ತಿಲ್ಲ. ನನ್ನಲ್ಲಿ ಯಾವುದು ತಾನಾಗಿ ಹೊಡೆದದ್ದು, ಯಾವುದಕ್ಕೆ ನೀವು ಗುಂಡಿ ಒತ್ತಿದಿರಿ ಎಂದು ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಇನ್ನೊಂದು ಯಂತ್ರವನ್ನು ಹೇಗೆ ಕಟ್ಟಲಿ? ಅದರ ಮೇಲೆ ಯಾರನ್ನು ಮಲಗಿಸಲಿ?

ಅಮ್ಮನಿಗೆ ಹೇಳಿ, ಚೆನ್ನಾಗಿದ್ದೇನೆ ಅಂತ.

ಮಗಳು


ಜನವರಿ ೩೦

ಮಗಳೇ,

ನಿನ್ನ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆದೆ. ಎಲ್ಲವೂ ನಿಜವಾದ ಉತ್ತರ. ಓದಿ ನೋಡಿದರೆ ಒಂದೊಂದೂ ನಾನು ಗುಂಡಿ ಒತ್ತಿದ ಹಾಗೇ ಕೇಳಿಸಿತು. ಹರಿದುಹಾಕಿದೆ. ಇನ್ನು ನಾನು ನಿನಗೆ ಒಳ್ಳೆಯದು ಏನು ಹೇಳಿದರೂ ಹಾಗೇ ಕೇಳಿಸುತ್ತದೆ. ಆದ್ದರಿಂದ ಉಳಿದದ್ದನ್ನು ಬರೆಯುತ್ತೇನೆ.

ಪಟ್ಟಿಗಳನ್ನು ಸುರುಳಿ ಸುತ್ತಿ ಕಳಿಸಿದ್ದಾಯಿತು. ಮೇಷ್ಟ್ರು ಈ ವಾರ ಎರಡು ಸಲ ಒಬ್ಬರೇ ಎದ್ದರು. ಒಂದು ಸಲ ನಾನು ತಡವಾಗಿ ನೋಡಿದೆ. ಬೀಳಲಿಲ್ಲ, ಆದರೆ ಅದು ನನ್ನಿಂದಲ್ಲ. ಅಡಿಗೆಮನೆಯ ಸೂರು ಸೋರುತ್ತಿದೆ. ನಿನ್ನಮ್ಮ ನನ್ನ ಜೊತೆ ಮಾತಾಡುವುದು ಕಡಿಮೆ ಮಾಡಿದ್ದಾಳೆ. ನೀನು ಚೆನ್ನಾಗಿದ್ದೀಯ ಎಂದು ಹೇಳಿದೆ, ನಂಬಲಿಲ್ಲ.

ನಿನ್ನ ಅಕ್ಷರ ಈ ಸಲ ಚೆನ್ನಾಗಿರಲಿಲ್ಲ.

ಅಪ್ಪ